ಟ್ರಸ್ಟಿನವರು ಮೊದಲು ಕೇಳಿದ್ದು ಪಾಸ್‌ಬುಕ್

ನನ್ನ ಯಜಮಾನರು ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದರು. ಮೆಕ್ಕೆಜೋಳದ ಸುಗ್ಗಿಯಲ್ಲಿ ಕೈತುಂಬ ಕೆಲಸ, ಉಳಿದ ದಿನ ಸಿಕ್ಕಷ್ಟು. ಕಳೆದ ವರ್ಷ ಶ್ರಾವಣದಲ್ಲಿ, ರಾತ್ರಿ ಊಟ ಮಾಡಿ ಮಲಗಿದವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದೆವು, ಬೆಳಗಿನ ಜಾವ ತೀರಿಕೊಂಡರು. ಆಗ ಮಗಳು ಎಂಟನೇ ಕ್ಲಾಸ್, ಮಗ ಐದನೇ ಕ್ಲಾಸ್. ಜೊತೆಗೆ ಅತ್ತೆ. ನಿಟ್ಟುವಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ.

ಮಕ್ಕಳು ಓದುವುದು ಒಂದು ಅನುದಾನಿತ ಶಾಲೆಯಲ್ಲಿ. ಅಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಟ್ರಸ್ಟ್ ಮಾಡಿಕೊಂಡಿದ್ದಾರೆ. ಬ್ಯಾಂಕಿನಿಂದ ರಿಟೈರ್ ಆದವರಿದ್ದಾರೆ, ಅಶೋಕ ರಸ್ತೆಯಲ್ಲಿ ಅಂಗಡಿ ಇಟ್ಟವರಿದ್ದಾರೆ, ಒಬ್ಬರು ವಕೀಲರು. ಹೆಸರು ಬರೀಬೇಡಿ ಅಂತ ಅವರೇ ಹೇಳಿದ್ದರಿಂದ ಬರೆಯುತ್ತಿಲ್ಲ. ಅವರು ನಮ್ಮ ಮನೆಗೆ ಏನು ಮಾಡಿದರು, ಯಾವುದಾದ ಮೇಲೆ ಯಾವುದು ಮಾಡಿದರು ಅನ್ನುವುದನ್ನು ಮಾತ್ರ ಬಿಡಿಸಿ ಹೇಳಬೇಕು ಅನಿಸಿದೆ. ನಾನು ಪಿಯುಸಿವರೆಗೆ ಓದಿದವಳು. ನನಗೇ ಗೊತ್ತಿಲ್ಲದ ಎಷ್ಟೋ ವಿಷಯ ಇದರಲ್ಲಿತ್ತು.

ಶಾಲೆ ಮಕ್ಕಳಿಗೆ ಸಹಾಯ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದು ನೋಟ್‌ಬುಕ್ಕು, ಬ್ಯಾಗು. ಯಜಮಾನರು ಹೋದ ಹೊಸತರಲ್ಲಿ ಯಾವುದೋ ಸಂಘದವರು ನನ್ನ ಮಗಳನ್ನು ವೇದಿಕೆ ಮೇಲೆ ಕರೆದು, "ತಂದೆ ಕಳೆದುಕೊಂಡ ಬಾಲಕಿ" ಅಂತ ಮೈಕಿನಲ್ಲಿ ಹೇಳಿ ಬ್ಯಾಗ್ ಕೊಟ್ಟರು. ಫೋಟೊ ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿ. ಬ್ಯಾಗ್ ಚೆನ್ನಾಗಿಯೇ ಇತ್ತು. ಅವಳು ಒಂದು ದಿನವೂ ಅದನ್ನು ಹೆಗಲಿಗೆ ಹಾಕಲಿಲ್ಲ. ಈಗ ಅದರಲ್ಲಿ ಅತ್ತೆಯ ಬೆಚ್ಚನೆ ಬಟ್ಟೆ ಇವೆ.

ಟ್ರಸ್ಟಿನವರು ಬಂದದ್ದು ಬೇರೆ ದಾರಿಯಲ್ಲಿ. ಆಗ ನಾನು ಒಂದು ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡಲು ಶುರು ಮಾಡಿದ್ದೆ. ಅವರಿಗೆ ಮಧ್ಯಾಹ್ನದ ಊಟಕ್ಕೆ ಮೆತ್ತನೆ ಬಿಸಿ ರೊಟ್ಟಿ ಬೇಕು. ಹನ್ನೊಂದರೊಳಗೆ ಮುಟ್ಟಿಸಬೇಕು ಅಂದರೆ ನಸುಕಿನಲ್ಲೇ ಎಸರಿಡಬೇಕು. ನಾನು ಬಡಿದು ಹಂಚಿಗೆ ಹಾಕುತ್ತಿದ್ದೆ, ಮಗಳು ನೀರು ಸವರಿ ತಿರುವಿ ಹಾಕಿ, ಉಬ್ಬಿದ ಮೇಲೆ ತೆಗೆದು ಬುಟ್ಟಿಗೆ ಇಡುತ್ತಿದ್ದಳು. ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಹಿಟ್ಟು ಆರಿದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಬಿರಿದದ್ದನ್ನು ಖಾನಾವಳಿಯವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳು ಎಂಟೂವರೆಗೆ ಕೈ ತೊಳೆದುಕೊಂಡು ಶಾಲೆಗೆ ಓಡುತ್ತಿದ್ದಳು. ಮೂರನೇ ಪೀರಿಯಡ್ಡಿಗೆ ಬೆಂಚಿನ ಮೇಲೆ ತಲೆ ಇಟ್ಟು ನಿದ್ದೆ.

ಕನ್ನಡ ಮೇಡಂ ಬೈಯಲಿಲ್ಲವಂತೆ. ಅಂಗೈ ಹಿಡಿದು ನೋಡಿದರಂತೆ, ಬೆರಳ ತುದಿ ಎಲ್ಲ ಸುಟ್ಟು ಕಪ್ಪಾಗಿತ್ತು. ಅದೇ ವಾರ ಫೋನ್ ಬಂತು: "ಟ್ರಸ್ಟಿಂದ ಒಬ್ಬರು ಮನೆಗೆ ಬರ್ತಾರೆ, ಬೇಡ ಅನ್ಬೇಡಿ."

ಬಂದವರು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯ ಓದಿದ ಹುಡುಗಿ, ಟ್ರಸ್ಟಿನವರು ಸಂಬಳ ಕೊಟ್ಟು ಇಟ್ಟುಕೊಂಡವರು. ನಾನು ಮೇಡಂ ಅಂದರೆ ಅವರು ನನ್ನನ್ನ ಅಕ್ಕ ಅಂದರು. ಚಾಪೆ ಮೇಲೆ ಕೂತರು, ಟೀ ಕುಡಿದರು. ನಿಮಗೆ ಏನು ಬೇಕು ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಿದ್ದು, "ಅಕ್ಕಾ, ಪಾಸ್‌ಬುಕ್ ಐತಾ? ಅಣ್ಣಂದೂ ಕೊಡ್ರಿ. ರೇಷನ್ ಕಾರ್ಡು, ಸಂಘದ ಸಾಲದ ಕಾರ್ಡು, ಕರೆಂಟ್ ಬಿಲ್ಲು, ಏನೇನ್ ಐತೋ ಎಲ್ಲಾ ತರ್ರಿ."

ಅತ್ತೆಗೆ ಇದು ಹಿಡಿಸಲಿಲ್ಲ. "ಸಾಲಿಗೆ ಕಳ್ಸೋದು ಅಕ್ಷರ ಕಲೀಲಿ ಅಂತ. ನಮ್ಮನಿ ಒಲಿ ಯಾಕ್ ನೋಡ್ಬೇಕು ಅವ್ರು?" ಅಂತ ಒಳಗಿನಿಂದಲೇ ಜೋರಾಗಿ ಅಂದರು. ಆ ಹುಡುಗಿ ಎದ್ದು ಒಳಗೆ ಹೋಗಿ, "ಅಮ್ಮಾ, ನಿಮಗೆ ಶುಗರ್ ಗುಳಿಗೆ ಯಾರ್ ತಂದ್ಕೊಡ್ತಾರೆ?" ಅಂತ ಕೇಳಿದರು. ಮೆಡಿಕಲ್ ಶಾಪಿನಿಂದ ನಾನೇ ತರುತ್ತಿದ್ದೆ. ಬಿಪಿ, ಶುಗರ್ ಗುಳಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, "ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತವೆ ಅಂತ ಹೇಳಿ, ಮುಂದಿನ ವಾರ ಅತ್ತೆಯನ್ನು ಆಟೊದಲ್ಲಿ ಕೂರಿಸಿಕೊಂಡು ಹೋಗಿ ಕಾರ್ಡ್ ಮಾಡಿಸಿದರು. ಅವತ್ತಿನಿಂದ ಅತ್ತೆ ಅವರ ಪಾರ್ಟಿ.

ಶನಿವಾರ ಮಧ್ಯಾಹ್ನ ಶಾಲೆಯ ಒಂದು ಕೋಣೆಯಲ್ಲಿ ಟ್ರಸ್ಟಿನವರು ಕೂರುತ್ತಾರೆ. ಬ್ಯಾಂಕಿನಿಂದ ರಿಟೈರ್ ಆದ ಸರ್ ನಮ್ಮ ಪಾಸ್‌ಬುಕ್ಕಿನ ಒಂದೊಂದು ಸಾಲಿನ ಮೇಲೂ ಪೆನ್ಸಿಲ್ ಇಟ್ಟು ನೋಡಿದರು. ಯಜಮಾನರ ಖಾತೆಯಲ್ಲಿ 20 ರೂಪಾಯಿ ಕಟ್ ಆಗಿತ್ತು. ಅದರ ಹಿಂದಿನ ವರ್ಷ 436 ರೂಪಾಯಿ ಕಟ್ ಆಗಿತ್ತು. ನಾವು ಬ್ಯಾಂಕಿನವರ ಯಾವುದೋ ಚಾರ್ಜು ಅಂದುಕೊಂಡಿದ್ದೆವು. ಎರಡೂ ವಿಮೆ. 20 ರೂಪಾಯಿಯದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ, ಅಪಘಾತದಲ್ಲಿ ಸತ್ತರೆ 2 ಲಕ್ಷ. ನಮ್ಮವರದು ಹೃದಯಾಘಾತ, ಅದಕ್ಕೆ ಬರುವುದಿಲ್ಲ. 436ರದು ಜೀವನ್ ಜ್ಯೋತಿ ಬಿಮಾ, ಹೇಗೆ ಸತ್ತರೂ 2 ಲಕ್ಷ. ಅದು ಪ್ರತಿ ವರ್ಷ ಜೂನ್ 1ರಿಂದ ಮುಂದಿನ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿದ್ದರೆ ತಾನೇ ಕಟ್ ಆಗಿ ಮುಂದುವರಿಯುತ್ತದೆ. ಆ ಮೇ ತಿಂಗಳಲ್ಲಿ ಅವರ ಖಾತೆಯಲ್ಲಿ ಇನ್ನೂರು ರೂಪಾಯಿ ಚಿಲ್ಲರೆ ಇತ್ತು. ಸರ್ ಪೆನ್ಸಿಲ್ ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಇದು ಹೋಯ್ತಮ್ಮ. ಮುಂದಿಂದು ನೋಡಣ" ಅಂದರು. ಓದುವವರಲ್ಲಿ ಒಬ್ಬರಾದರೂ ಇವತ್ತು ಮನೆಯವರ ಪಾಸ್‌ಬುಕ್ ತೆಗೆದು ನೋಡಲಿ ಅಂತಲೇ ಇದನ್ನು ಇಷ್ಟು ಬಿಡಿಸಿ ಬರೆದೆ.

ಮುಂದಿನದು ಸಂಘದ ಸಾಲ. ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಒಂದು ಮೈಕ್ರೋಫೈನಾನ್ಸ್ ಕಂಪನಿಯಿಂದ ತೆಗೆದದ್ದು, ವಾರದ ಕಂತು. ಯಜಮಾನರು ಹೋದ ಮೇಲೆ ಕಂತು ತಪ್ಪಿತ್ತು. ವಸೂಲಿಯ ಹುಡುಗ ಬೆಳಿಗ್ಗೆ ಏಳಕ್ಕೇ ಬಂದು ಕಟ್ಟೆ ಮೇಲೆ ಕೂರುತ್ತಿದ್ದ. ಅವನಿಗಿಂತ ಜಾಸ್ತಿ ಸಂಕಟ ಆಗುತ್ತಿದ್ದದ್ದು ನಮ್ಮ ಗುಂಪಿನ ಹೆಂಗಸರಿಂದ. ನಾನು ಕಟ್ಟದಿದ್ದರೆ ಅವರ ಮೇಲೆ ಬರುತ್ತದೆ, ಹಂಗಾಗಿ ಅವರು ಮಾತು ಬಿಟ್ಟಿದ್ದರು. ಮಗನಿಗೆ ಆಗಲೇ ರಾತ್ರಿ ಹಾಸಿಗೆ ಒದ್ದೆಯಾಗುವುದು ಶುರುವಾಗಿದ್ದು. ಹತ್ತು ವರ್ಷದ ಹುಡುಗ.

ಬ್ಯಾಂಕ್ ಸರ್ ಸಾಲದ ಕಾರ್ಡನ್ನು ತಿರುವಿ ಹಾಕಿ ಒಂದು ಸಾಲು ತೋರಿಸಿದರು. ಸಾಲ ಕೊಡುವಾಗಲೇ ಇನ್ಶೂರೆನ್ಸ್ ಅಂತ ದುಡ್ಡು ಹಿಡಿದುಕೊಂಡಿದ್ದರು, ನನ್ನ ಹೆಸರಿಗೂ, ನನ್ನ ಗಂಡನ ಹೆಸರಿಗೂ. ಅಂದರೆ ಇಬ್ಬರಲ್ಲಿ ಯಾರು ತೀರಿಕೊಂಡರೂ ಉಳಿದ ಸಾಲವನ್ನು ವಿಮೆಯವರು ತುಂಬಬೇಕು. ನಾನು ಗಂಡ ಸತ್ತ ಮೇಲೂ ಆ ಸಾಲ ನನ್ನ ಕುತ್ತಿಗೆಗೇ ಅಂತ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆ. ಅವರು ನನ್ನ ಜೊತೆ ಆ ಕಂಪನಿಯ ಬ್ರಾಂಚಿಗೆ ಬಂದರು. ಮ್ಯಾನೇಜರ್ ಮೊದಲು, ಅದು ಸಾಲಗಾರರಿಗೆ ಮಾತ್ರ ಅಂದ. ಸರ್ ಕಾರ್ಡನ್ನು ಅವನ ಕಡೆ ತಿರುಗಿಸಿ, "ಇದು ಯಾರ ಹೆಸರು, ಓದಪ್ಪಾ" ಅಂದರು. ಅವನು ಓದಿದ. ಮರಣ ಪ್ರಮಾಣಪತ್ರ, ಆಧಾರ್, ಕ್ಲೇಮ್ ಫಾರಂ ಕೊಟ್ಟು ಬಂದೆವು. ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದರು: ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಸಾಲ ಕೇಳಲು ಹೋಗಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ, ನಿಮ್ಮ ಹುಡುಗನಿಗೆ ಹೇಳಿ ಅಂತ. ಹುಡುಗ ಆಮೇಲೆ ಬರಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಸಾಲ ಮುಕ್ತಾಯ ಅಂತ ಪತ್ರ ಬಂತು. ಅದನ್ನು ನಮ್ಮ ಗುಂಪಿನ ಹೆಂಗಸರಿಗೆ ತೋರಿಸಿದೆ. ಒಬ್ಬಳು ತನ್ನ ಕಾರ್ಡ್ ಹುಡುಕಲು ಮನೆಗೆ ಓಡಿದಳು, ಅವಳ ಗಂಡ ಹೋಗಿ ಎರಡು ವರ್ಷ ಆಗಿತ್ತು. ಪಾಪ, ಪೂರ್ತಿ ಕಟ್ಟಿ ಮುಗಿಸಿದ್ದಳು.

ಇನ್ನು ಕಾಗದದ ಕಥೆ. ಯಜಮಾನರ ಆಧಾರಿನಲ್ಲಿ ಹೆಸರಿನ ಕೊನೆಗೆ "ಪ್ಪ" ಇದೆ. ರೇಷನ್ ಕಾರ್ಡಿನಲ್ಲಿ ಇಲ್ಲ. ಮರಣ ಪ್ರಮಾಣಪತ್ರದಲ್ಲೂ ಇಲ್ಲ, ಗಾಬರಿಯಲ್ಲಿ ಆಸ್ಪತ್ರೆಯಲ್ಲಿ ಮೈದುನ ಕರೆಯುವ ಹೆಸರೇ ಬರೆಸಿದ್ದ. ಮನೆಯಲ್ಲಿ "ಪ್ಪ" ಇದ್ದರೆಷ್ಟು ಬಿಟ್ಟರೆಷ್ಟು. ಕಂಪ್ಯೂಟರಿಗೆ ಮಾತ್ರ ಅವರು ಇಬ್ಬರು ಬೇರೆ ಬೇರೆ ಗಂಡಸರು. ಸಾವನ್ನು 21 ದಿನದೊಳಗೆ ನೋಂದಾಯಿಸಿದ್ದರಿಂದ ದಂಡ ಬೀಳಲಿಲ್ಲ, ಆದರೆ ಆ ಹೆಸರು ಸರಿ ಮಾಡಿಸಲು ನೋಟರಿ ಹತ್ತಿರ ಅಫಿಡವಿಟ್, ಅರ್ಜಿ, ಮತ್ತೆ ಕಾಯುವುದು. ಟ್ರಸ್ಟಿನ ವಕೀಲರು ಅಫಿಡವಿಟ್ ಬರೆದುಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ಸಹಾಯ ಪುಕ್ಕಟೆ ಸಿಗುತ್ತದೆ ಅಂತ ಅವರೇ ಹೇಳಿದ್ದು. ಸಹಾಯವಾಣಿ 15100.

ಹಮಾಲರಿಗೆ ಅಂತ ಕಾರ್ಮಿಕ ಇಲಾಖೆಯಲ್ಲಿ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ ಇದೆಯಂತೆ. ನಮ್ಮವರು ಕಾರ್ಡ್ ಮಾಡಿಸಿರಲಿಲ್ಲ, ಅಲ್ಲಿಗೆ ಅದು ಮುಗಿಯಿತು.

ಬ್ಯಾಂಕ್ ಸರ್ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಒಂದು ದಾರಿ ಬರೆದುಕೊಟ್ಟಿದ್ದರು. ಮೇಲೆ ಮರಣ ಪ್ರಮಾಣಪತ್ರ. ಅದರ ಕೆಳಗೆ ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದು, ನನ್ನ ಹೆಸರಿಗೆ ಹೊಸ ಆದಾಯ ಪ್ರಮಾಣಪತ್ರ. ಅದು ಬಂದ ಮೇಲೆ ನಾಡಕಚೇರಿಯಲ್ಲಿ ವಿಧವಾ ವೇತನ, ಮತ್ತೆ ದುಡಿಯುವವರು ತೀರಿಕೊಂಡ ಬಿಪಿಎಲ್ ಮನೆಗೆ ಒಂದೇ ಸಲ ಕೊಡುವ 20,000 ರೂಪಾಯಿ ಕುಟುಂಬ ನೆರವು. ಕೊನೆಗೆ ಮಕ್ಕಳ ಪ್ರಾಯೋಜಕತ್ವ, ಅಂದರೆ ಇಂಥ ಮನೆಯ ಮಕ್ಕಳಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ದುಡ್ಡು. ಒಂದು ಇಲ್ಲದೆ ಇನ್ನೊಂದಕ್ಕೆ ಹೋದರೆ ಸುಮ್ನೆ ವಾಪಸ್ ಕಳಿಸುತ್ತಾರೆ. ನಾನು ಒಬ್ಬಳೇ ಆಗಿದ್ದರೆ ಕೊನೆಯದಕ್ಕೇ ಮೊದಲು ಹೋಗಿರುತ್ತಿದ್ದೆ, ಯಾಕಂದರೆ ದುಡ್ಡು ಜಾಸ್ತಿ ಇರುವುದು ಅದರಲ್ಲೇ. ವಿಧವಾ ವೇತನ ತಿಂಗಳಿಗೆ 800. ಪ್ರಾಯೋಜಕತ್ವ ಒಂದು ಮಗುವಿಗೆ ತಿಂಗಳಿಗೆ 4,000.

ಈ ಪ್ರಾಯೋಜಕತ್ವ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯದ್ದು. ತಂದೆ ಇಲ್ಲದ, ತಾಯಿ ವಿಧವೆಯಾದ ಅಥವಾ ಗಂಡ ಬಿಟ್ಟುಹೋದ, ಅಪ್ಪ ಅಮ್ಮನಿಗೆ ಜೀವಕ್ಕೆ ಕುತ್ತಾಗುವ ಕಾಯಿಲೆ ಇರುವ ಮಕ್ಕಳಿಗೆ 18 ವರ್ಷದವರೆಗೆ. ಸಿಟಿಯಲ್ಲಿ ಮನೆಯ ವರ್ಷದ ಆದಾಯ 96,000 ದಾಟಿರಬಾರದು, ಹಳ್ಳಿಯಲ್ಲಿ 72,000. ಮಗು ಶಾಲೆಗೆ ಸರಿಯಾಗಿ ಹೋಗುತ್ತಿರಬೇಕು. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. "ಮಕ್ಕಳ ರಕ್ಷಣೆ" ಅನ್ನುವ ಬೋರ್ಡು ನೋಡಿ ನನ್ನ ಎದೆ ಧಸಕ್ ಅಂದಿತು. ಬಡವಿ ಅಂತ ಬರೆದುಕೊಟ್ಟರೆ ಮಕ್ಕಳನ್ನೇ ಕಿತ್ತುಕೊಂಡು ಹಾಸ್ಟೆಲಿಗೆ ಹಾಕಿಬಿಟ್ಟರೆ? ಟ್ರಸ್ಟಿನ ಹುಡುಗಿಗೆ ಕೇಳಿಯೇ ಬಿಟ್ಟೆ. "ಉಲ್ಟಾ ಅಕ್ಕ. ಮಕ್ಕಳು ಅಮ್ಮನ ಹತ್ರಾನೇ ಇರ್ಲಿ ಅಂತಾನೇ ಈ ದುಡ್ಡು ಕೊಡೋದು" ಅಂದರು.

ಅಲ್ಲಿಗೆ ಹೋಗುವುದೇ ಒಂದು ಕೆಲಸ. ಕೆಎಸ್‌ಆರ್‌ಟಿಸಿ ಸಿಟಿ ಬಸ್ ಸಿಕ್ಕರೆ ನಮಗೆ ಫ್ರೀ, ಪ್ರೈವೇಟ್ ಬಸ್ ಬಂದರೆ ದುಡ್ಡು ಕೊಡಬೇಕು. ನಾನು ಪ್ರೈವೇಟ್ ಬಿಟ್ಟು ಕಾಯುತ್ತಿದ್ದೆ. ಒಂದು ಸಲ ಊಟದ ಹೊತ್ತು, ಒಂದು ಸಲ ಸಾಹೇಬರು ಮೀಟಿಂಗಿನಲ್ಲಿ, ಒಂದು ಸಲ ಮಗಳ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಆಮೇಲೆ ಅವರ ಕಡೆಯವರು ಮನೆಗೆ ವಿಚಾರಣೆಗೆ ಬಂದರು. ಗ್ಯಾಸ್ ಒಲೆ, ಟ್ರಂಕು, ಗೋಡೆ ಮೇಲಿನ ಯಜಮಾನರ ಫೋಟೊ ಎಲ್ಲ ನೋಡಿದರು. ಟಿವಿ ಇದೆಯಲ್ಲ ಅಂದರು. ಅದು ಕೆಟ್ಟು ಎಷ್ಟೋ ಕಾಲವಾಗಿದೆ, ಮೇಲೆ ದೇವರ ಪಟ ಇಟ್ಟಿದ್ದೇವೆ. ಮಕ್ಕಳ ಹತ್ತಿರ ಬೇರೆಯಾಗಿ ಮಾತಾಡಿದರು. ಫೈಲು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಮಿತಿಯ ಮುಂದೆ ಹೋಗಬೇಕು, ಆ ಸಮಿತಿ ಕೂರುವವರೆಗೆ ಯಾರೂ ಏನೂ ಮಾಡುವ ಹಾಗಿಲ್ಲ.

ಹೀಗೆ ಕಾಯುವ ತಿಂಗಳುಗಳಲ್ಲಿ ಮನೆ ನಡೆಯಬೇಕಲ್ವಾ? ಗೃಹಲಕ್ಷ್ಮಿಯ 2,000 ಬಾಡಿಗೆಗೂ ಸಾಲುತ್ತಿರಲಿಲ್ಲ. ಇಲ್ಲಿ ಟ್ರಸ್ಟಿನವರು ತಮ್ಮ ಕೈಯಿಂದ ಹಾಕಿದರು, ಆದರೆ ನನ್ನ ಕೈಗೆ ಕೊಡಲಿಲ್ಲ. ಬಾಡಿಗೆಯನ್ನು ಮನೆ ಮಾಲೀಕರ ಖಾತೆಗೇ ಕಳಿಸಿದರು. ಮಗನಿಗೆ ಕನ್ನಡಕ ಮಾಡಿಸಿ ಅಂಗಡಿಯವರಿಗೆ ದುಡ್ಡು ಕೊಟ್ಟರು. ನನಗೆ ಇದು ಈಗಲೂ ಸರಿ ಅನಿಸುವುದಿಲ್ಲ. ಕೈಗೆ ಕೊಟ್ಟರೆ ನಾನು ಹಾಳು ಮಾಡುತ್ತೇನಾ? ಮನೆ ಮಾಲೀಕರಿಗೆ ನಮ್ಮ ಪರಿಸ್ಥಿತಿ ಪೂರ್ತಿ ಗೊತ್ತಾದದ್ದೂ ಹೀಗೆಯೇ. ಒಂದು ಶನಿವಾರ ಇದನ್ನು ನೇರವಾಗಿಯೇ ಹೇಳಿದೆ. ಬ್ಯಾಂಕ್ ಸರ್, "ನಮಗೂ ಆಡಿಟ್ ಐತಮ್ಮ, ಬಿಲ್ ಇಲ್ದೆ ನಡೆಯಲ್ಲ" ಅಂದರು. ಅವರ ತೊಂದರೆ ಅವರಿಗೆ ಇರಬಹುದು. ಆದರೂ ಬೇರೆ ದಾರಿ ಹುಡುಕಲಿ ಅನ್ನುವುದೇ ನನ್ನ ಮಾತು.

ಮಗಳ ನಿದ್ದೆಗೆ ದಾರಿ ತೋರಿಸಿದ್ದು ಮಾತ್ರ ನಾನು ಯಾವತ್ತೂ ಮರೆಯುವಂಥದ್ದಲ್ಲ. ಟ್ರಸ್ಟಿನ ಹುಡುಗಿ ರೊಟ್ಟಿ ಕೆಲಸ ಬಿಡಿ ಅನ್ನಲಿಲ್ಲ, ಮಗಳನ್ನ ಒಲೆ ಮುಂದೆ ಕೂರಿಸಬೇಡಿ ಅಂತ ಬುದ್ಧಿಯನ್ನೂ ಹೇಳಲಿಲ್ಲ. "ಖಡಕ್ ರೊಟ್ಟಿ ಮಾಡಿದ್ರೆ ಹೆಂಗೆ?" ಅಂತ ಕೇಳಿದರು. ಖಡಕ್ ರೊಟ್ಟಿ ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ನಸುಕಿನಲ್ಲಿ ಏಳಬೇಕಾಗಿಲ್ಲ, ಮಕ್ಕಳು ಶಾಲೆಗೆ ಹೋದ ಮೇಲೆ ನಿಧಾನವಾಗಿ ಮಾಡಬಹುದು. ಹಳೆಯ ವಿದ್ಯಾರ್ಥಿಗಳ ಎರಡು ಅಂಗಡಿಯಲ್ಲಿ ಇಟ್ಟುಕೊಳ್ಳುತ್ತೇವೆ ಅಂದರು. ಬಿಲ್ ಹಚ್ಚಿ ಎರಡು ದೊಡ್ಡ ಹಂಚು, ಪ್ಯಾಕ್ ಮಾಡುವ ಕವರು ಕೊಡಿಸಿದರು. ಶೇಂಗಾ ಚಟ್ನಿಪುಡಿ ಜೊತೆಗೆ ಇಟ್ಟರೆ ಬೇಗ ಹೋಗುತ್ತದೆ ಅಂತ ಕಂಡುಕೊಂಡದ್ದು ಅತ್ತೆ. ಮೊದಲ ತಿಂಗಳು ಖಾನಾವಳಿಯಷ್ಟು ಬರಲಿಲ್ಲ, ಭಯವಾಗಿತ್ತು. ಈಗ ಹೆಚ್ಚುಕಮ್ಮಿ ಸರಿ ಹೋಗುತ್ತಿದೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಊರೆಲ್ಲ ನೆಂಟರು ತುಂಬಿದಾಗ ನಾನು ಬಡಿದದ್ದು ಸಾಲಲಿಲ್ಲ, ಪಕ್ಕದ ಮನೆಯವಳನ್ನೂ ಕೂರಿಸಿಕೊಂಡೆ.

ಸಂಜೆ ಶಾಲೆಯಲ್ಲಿಯೇ ಏಳರವರೆಗೆ ಓದಲು ಒಂದು ಕೋಣೆ ಬಿಟ್ಟಿದ್ದಾರೆ. ಟ್ಯೂಷನ್ ಅಂತ ಏನಿಲ್ಲ, ಲೈಟು, ಫ್ಯಾನು, ಒಬ್ಬ ಮೇಷ್ಟ್ರು, ಐದೂವರೆಗೆ ಒಂದು ತಟ್ಟೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ನನ್ನ ಮಗ ಹೋಗುವುದು ಬಜ್ಜಿಗೆ ಅಂತ ನನಗೆ ಗೊತ್ತು, ಮೇಷ್ಟ್ರಿಗೂ ಗೊತ್ತು. ಅವನ ಹಾಸಿಗೆ ಒದ್ದೆಯಾಗುವ ವಿಷಯಕ್ಕೆ ಜಿಲ್ಲಾ ಆಸ್ಪತ್ರೆಯ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ರಾತ್ರಿ ಹೊತ್ತು ಏನಾದರೂ ಆದರೆ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು ಅಂತಲೂ ಬರೆದುಕೊಟ್ಟರು, ಅದು ಸರ್ಕಾರದ್ದೇ ಟೆಲಿ ಮಾನಸ್. ಔಷಧಿ ಬೇಕಾಗಲಿಲ್ಲ. ವಸೂಲಿಯವನು ಬರುವುದು ನಿಂತ ಮೇಲೆ ಅದೂ ಕಮ್ಮಿಯಾಯಿತು.

ಮಗಳ ಪ್ರಾಯೋಜಕತ್ವ ಮಂಜೂರಾಗಿದೆ, ದುಡ್ಡು ಅವಳ ಖಾತೆಗೇ ಬರುತ್ತದೆ. ಮೊದಲ ಕಂತಿನಲ್ಲಿ ಅವಳು ಕೇಳಿದ್ದು ಜಾಮಿಟ್ರಿ ಬಾಕ್ಸು ಮತ್ತು ತಾನೇ ಆರಿಸಿದ ಒಂದು ಬ್ಯಾಗು. ಮಗನದು ಇನ್ನೂ ಆಗಿಲ್ಲ, ಅವನ ಆಧಾರಿನಲ್ಲಿ ಹುಟ್ಟಿದ ದಿನಾಂಕ ಬೇರೆ, ಶಾಲೆಯಲ್ಲಿ ಬೇರೆ. ಮತ್ತೆ ಅದೇ ಓಡಾಟ.

ಈಗ ಶನಿವಾರ ನಾನೂ ಆ ಕೋಣೆಗೆ ಹೋಗಿ ಕೂರುತ್ತೇನೆ. ಸಂಬಳ ಏನಿಲ್ಲ, ಫಾರಂ ತುಂಬಿಕೊಡುತ್ತೇನೆ. ಕಾಗದ ಸರಿಯಿಲ್ಲ ಅಂತ ಬೈಸಿಕೊಂಡು ಬಂದವರು ನನ್ನ ಹತ್ತಿರ ಬೇಗ ಮಾತಾಡುತ್ತಾರೆ. ಹೋದ ವಾರ ಒಬ್ಬಳು ಬಂದಿದ್ದಳು, ಗಂಡ ಆಟೊ ಓಡಿಸುತ್ತಿದ್ದ, ಎರಡೂ ಕಿಡ್ನಿ ಹೋಗಿ ಈಗ ಡಯಾಲಿಸಿಸ್ ಮೇಲೆ ಇದ್ದಾನೆ. ಮೂವರು ಮಕ್ಕಳು. ಪ್ರಾಯೋಜಕತ್ವ ತಂದೆ ಸತ್ತವರಿಗೆ ಮಾತ್ರ ಅಂತ ಯಾರೋ ಹೇಳಿ ಕಳಿಸಿಬಿಟ್ಟಿದ್ದರು. ಇಲ್ಲ, ಇಂಥ ಕಾಯಿಲೆಗೂ ಇದೆ ಅಂತ ಹೇಳಿ ಆಸ್ಪತ್ರೆಯ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಟ್ಟೆ. ಆದಾಯ ಪ್ರಮಾಣಪತ್ರ ಅವಳ ಗಂಡನ ಹೆಸರಿನಲ್ಲಿ, ಅವನು ದುಡಿಯುತ್ತಿದ್ದಾಗ ಮಾಡಿಸಿದ್ದು. ಅದೇ ನಡೆಯುತ್ತದಾ, ಹೊಸದು ಮಾಡಿಸಬೇಕಾ ಅಂತ ಬ್ಯಾಂಕ್ ಸರ್‌ಗೆ ಕೇಳಬೇಕು.